ಗೌರವ್ವನ ಹೆಪ್ಪು

ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ, ಇಚಲಕರಂಜಿ ಬಸ್ಸಿನ ಸಾಲಿನಲ್ಲಿ, ಮಗಳ ಜಡೆ ಹೆಣೆಯುತ್ತ ನಿಂತಿದ್ದೆ. ಮುಂದೆ ಒಂದೇ ಮನೆಯ ಇಬ್ಬರು ಸೊಸೆಯರಿದ್ದರು. ಹಿರಿಯವಳ ಕೈಯಲ್ಲಿ ಖಾಲಿ ಹಿತ್ತಾಳೆ ಗಿಂಡಿ.

"ಸುಶೀಲಾ, ಗೌರವ್ವತ್ತಿ ತೀರಿಕೊಂಡು ನಾಕು ದಿನ ಆಗಿಲ್ಲ, ಮೊಸರಿನ ಗಡಿಗಿ ಯಾಕ ತೊಳದಿ?"

"ಮಂದಿ ಬರ್ತಾರಂತ ಎಲ್ಲಾ ಭಾಂಡಿ ತಿಕ್ಕಿದ್ನಿ ಅಕ್ಕಾ. ಅದೂ ಕೈಗೆ ಬಂತು."

"ಅರವತ್ತು ವರ್ಷದ ಹೆಪ್ಪು! ಲಗ್ನ ಆಗಿ ಬರೂವಾಗ ಅತ್ತಿ ಕೋವಾಡದಿಂದ ತಂದದ್ದು. ಹಡಿಯೋ ದಿನಾನೂ ಹಾಲಿಗೆ ಹೆಪ್ಪು ಹಾಕೇ ಮಲಗಿದ್ರಂತ."

"ಮಾವಗ ಬ್ಯಾರೆ ಮಜ್ಜಿಗಿ ಕೊಟ್ಟೆನಲ್ಲ."

"ಒಂದು ಗುಟುಕು ಕುಡದು, 'ಇದು ಆಕೀದಲ್ಲ' ಅಂತ ಮಜ್ಜಿಗಿ ವಾಟಿ ಸರಿಸ್ಯಾರ. ನಿನ್ನೆಯಿಂದ ಊಟಾನ ಬಿಟ್ಟಾರ."

"ಇಚಲಕರಂಜಿ ಮಗ್ಗಲ ಯಡ್ರಾವದ ಗಂಗುಬಾಯಿ ಕಡೆ ಅತ್ತೀದ ಹೆಪ್ಪು ಐತಿ, ಖರೇನ?"

"ಇರದೇನ? ನಮ್ಮ ಬಾಜೂ ಮನ್ಯಾಗ ಇದ್ದಾಗ ಹೇಳದ ಕೇಳದ ಒಯ್ದಾಳ. ಇಪ್ಪತ್ತು ವರ್ಷ ಆತು."

"ಅದಕ್ಕ ಅತ್ತಿ ಕಡೀತನಕ ಆಕಿನ್ನ ಹೆಪ್ಪುಗಳ್ಳಿ ಅಂತಿದ್ರು."

"ಬರೇ ಅಂತಿದ್ರೇನ? ಬೀಗರ ಮುಂದ, ಸ್ವಾಮಿಗಳ ಮುಂದ, ಎಲ್ಲಾರ ಮುಂದೂ ಹೇಳತಿದ್ರು."

"ಈಗ ಆಕಿ ಬಾಗಲಕ್ಕ ಹೋಗಿ ನಾವು ಕೈ ಒಡ್ಡೂದೇನ? ಅತ್ತಿ ಇದ್ದಿದ್ರ ಬಿಡತಿದ್ರ?"

ಹಿರಿಯವಳು ಗಿಂಡಿಯನ್ನು ನೋಡಿದಳು. ಅಷ್ಟರಲ್ಲಿ ಬಸ್ಸು ಬಂತು.

"ಬಿಡತಿರಲಿಲ್ಲ," ಎಂದು ಗಿಂಡಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಕೇಳೂದ ಬ್ಯಾಡ. ನೀ ಗಂಗುಬಾಯಿ ಕೊರಳಿಗೆ ಬಿದ್ದು ಜೋರಾಗಿ ಅಳು. ನಾ ನೀರು ಕುಡ್ಯಾಕಂತ ಅಡಗಿಮನಿಗೆ ಹೋಗ್ತೀನಿ."

"ಎಷ್ಟೊತ್ತು ಅಳಲಿ ಅಕ್ಕಾ?"

"ನಾ ಕೆಮ್ಮೂತನಕ," ಎನ್ನುತ್ತ ಅವಳು ಬಸ್ಸು ಹತ್ತಿದಳು.