ಕಳ್ಳನ ಕುಶಲಪ್ರಶ್ನೆ

ಮ್ಯಾಟಿನಿ ಬಿಟ್ಟಿತ್ತು. ಬಾಗಿಲ ಪರದೆ ಸರಿಸಿ ಹಿಡಿದಿದ್ದ ಗೇಟ್‌ಕೀಪರನ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ನಿದ್ದೆಯಿಂದೆದ್ದವರಂತೆ ಕಣ್ಣುಜ್ಜುತ್ತ ನಿಂತರು.

“ಪಿಕ್ಚರ್‌ನಲ್ಲಿ ಆನ್‌ಲೈನ್ ಕಳ್ಳನ್ನ ಪೊಲೀಸ್ರು ಹಿಡಿದಾಗ ಎಲ್ರೂ ಚಪ್ಪಾಳೆ ತಟ್ಟಿದ್ರು. ನೀನ್ಯಾಕಕ್ಕ ಅತ್ತಿದ್ದು?”

“ನನ್ನವನೂ ಹಾಗೇ ಸಿಕ್ಕಿಬೀಳ್ತಾನಲ್ಲ ಅಂತ.”

“ನಿನ್ನವನಾ? ಚಾಟ್ ಮಾಡ್ತಾ ನಿನ್ನ ದುಡ್ಡು ನುಂಗಿದವನು! ಫೋಟೋ ಯಾರದ್ದೋ, ಹೆಸರೂ ಸುಳ್ಳು. ಕಂಪ್ಲೇಂಟ್ ಕೊಟ್ಟವಳೂ ನೀನೇ!”

“ಹೌದು ಕಣೆ. ಆದ್ರೆ ದಿನಾ ಮಧ್ಯಾಹ್ನ ‘ಊಟ ಆಯ್ತಾ’ ಅಂತ ಕೇಳ್ತಿದ್ದ.”

“ನಾನೂ ಕೇಳ್ತೀನಲ್ಲ?”

“ನೀನು ಪಾತ್ರೆ ತೊಳೆಯೋ ಆತುರಕ್ಕೆ ಕೇಳ್ತೀಯ.”

ಇಬ್ಬರೂ ನಗುತ್ತ ಬಿಸಿಲಿನಲ್ಲಿ ಕರಗಿಹೋದರು. ಗೇಟ್‌ಕೀಪರ್ ಪರದೆ ಇಳಿಬಿಟ್ಟ. ಆಮೇಲೆ ಫೋನು ತೆಗೆದು ಹೆಂಡತಿಗೆ ಮೆಸೇಜು ಕಳಿಸಿದ: ‘ಊಟ ಆಯ್ತಾ?’

ತಕ್ಷಣ ಉತ್ತರ ಬಂತು: ‘ಯಾರ್ರೀ ನೀವು? ನಮ್ಮನೆಯವರ ಫೋನು ನಿಮ್ಮ ಕೈಗೆ ಹೇಗೆ ಬಂತು?’