ಪುಟ ನೂರ ಹನ್ನೆರಡು

ಬೈಂಡಿಂಗ್ ಅಂಗಡಿಯ ಸಾಲಿನಲ್ಲಿ ಮೇಷ್ಟರ ಮುಂದೆ ಅಕ್ಕ ತಂಗಿ ನಿಂತಿದ್ದರು. ತಂಗಿಯ ಕೈಯಲ್ಲಿ ಅವಳ ಪಿಎಚ್.ಡಿ. ಪ್ರಬಂಧ, ಮೇಷ್ಟರ ಕೈಯಲ್ಲಿ ಅವರದು. ಮೇಷ್ಟರ ಕಿವಿ ಮಾತ್ರ ಮುಂದಿನವರ ಕಡೆಗೇ ಇತ್ತು.

“ಗೈಡ್ ಯಾಕೆ ಬೈದ್ರು?”

“ಗ್ರಂಥಋಣದಲ್ಲಿ ಒಂದು ಸಾಲಿಗೆ ಅಕ್ಕ. ಅಧ್ಯಾಯ ಬರೆದವರ ಹೆಸರು, ಸಂಪಾದಕರ ಹೆಸರು, ಚುಕ್ಕಿ, ಅಲ್ಪವಿರಾಮ ಎಲ್ಲಾ ಸರಿಯಾಗಿತ್ತು. ಪುಟ ಮಾತ್ರ ತಪ್ಪು.”

“ಎಷ್ಟು ಅಂತ ಹಾಕಿದ್ದೆ?”

“ನೂರ ಹನ್ನೆರಡರಿಂದ ನೂರ ಮೂವತ್ತು. ಆ ಪುಸ್ತಕ ಇರೋದೇ ತೊಂಬತ್ತೆಂಟು ಪುಟ ಅಂತೆ. ‘ಇದನ್ನ ಓದಿದ್ದೀಯೇನಮ್ಮ?’ ಅಂತ ಎಲ್ಲರ ಮುಂದೆ ಕೇಳಿದ್ರು. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.”

“ಪುಸ್ತಕ ನೋಡದೆ ಯಾಕೆ ಹಾಕಿದ್ಯೇ?”

ತಂಗಿ ತಲೆ ತಗ್ಗಿಸಿದಳು. “ನಿನ್ನ ಪ್ರಬಂಧದಿಂದ ಇಳಿಸ್ಕೊಂಡೆ. ನೀನು ಓದಿರ್ತೀಯ ಅಂದ್ಕೊಂಡೆ.”

ಸಾಲು ಎರಡು ಹೆಜ್ಜೆ ಸರಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು, “ನನ್ನ ಹೆಸರು ಹೇಳಿದ್ಯಾ?”

“ಇಲ್ಲ. ನಾನೇ ತಪ್ಪು ಬರ್ಕೊಂಡೆ ಅಂದೆ. ಈಗ ಆ ಸಾಲನ್ನೇ ತೆಗೆದುಬಿಟ್ಟಿದ್ದೀನಿ.”

ತಂಗಿ ಹಾಳೆಗಳನ್ನು ಅಂಗಡಿಯವನಿಗೆ ಕೊಟ್ಟಳು. ಅಕ್ಕ ಹೊರಡಲಿಲ್ಲ.

“ನನ್ನದೊಂದು ಹತ್ತು ವರ್ಷದ ಹಳೇ ಪ್ರಬಂಧದ ಬೈಂಡು ಬಿಚ್ಚಿ, ಒಂದು ಹಾಳೆ ಬದಲಾಯಿಸಿ ಕೊಡ್ತೀರಾ?”

“ಒಂದು ಹಾಳೆಗೋಸ್ಕರ ಯಾರಾದ್ರೂ ಬಿಚ್ತಾರಾ ಮೇಡಂ?” ಅಂಗಡಿಯವನು ನಕ್ಕ.

ತಂಗಿ ಅಕ್ಕನ ಕೈಹಿಡಿದು ಕರೆದುಕೊಂಡು ಹೋದಳು.

“ಕೊಡಿ ಸಾರ್ ನಿಮ್ದು,” ಅಂಗಡಿಯವನು ಕೈ ಚಾಚಿದ.

ಮೇಷ್ಟರು ಹಾಳೆಗಳನ್ನು ಎದೆಗವಚಿಕೊಂಡರು.

“ನಾಳೆ ತರ್ತೀನಪ್ಪ. ಲೈಬ್ರರೀಲಿ ಸ್ವಲ್ಪ ಕೆಲಸ ಇದೆ.”