ರಾಧಾಮಣಿಯ ಫೈಲು

ರಾಮನಗರದ ಆ ನರ್ಸಿಂಗ್ ಹೋಮಿನ ರೆಕಾರ್ಡ್ ರೂಮಿನಲ್ಲಿ ನಮಗೆ ಅಂದು ಮೂರನೆಯ ದಿನ. ನಾನು, ನಿಖಾತ್, ಲೋಕೇಶ್ ಸೇರಿ ಹತ್ತು ವರ್ಷದೊಳಗಿನ ಫೈಲುಗಳನ್ನು ಸ್ಕ್ಯಾನ್ ಮಾಡಬೇಕು. ಅದಕ್ಕೂ ಹಳೆಯವನ್ನು ಚೀಲಕ್ಕೆ ತುಂಬಿ ಚೂರು ಮಾಡುವ ಮೆಷಿನ್ನಿಗೆ ಕಳಿಸಬೇಕು. ಸಂಜೆ ನಾಲ್ಕಕ್ಕೆ ಮಳೆ ಹಿಡಿಯಿತು, ಕರೆಂಟು ಹೋಯಿತು. ಫೈಲು ಗುರುತು ಹಿಡಿಯಲೆಂದು ಕರೆಸಿಕೊಂಡಿದ್ದ ವೆಂಕಟಯ್ಯ, ಮೂವತ್ತು ವರ್ಷ ಆ ರೂಮು ನೋಡಿಕೊಂಡು ನಿವೃತ್ತನಾದ ಮುದುಕ, ಕೂತಲ್ಲಿ ಕೂರದೆ ಕಿಟಕಿಗೂ ಚೀಲಗಳಿಗೂ ಓಡಾಡುತ್ತಿದ್ದ. ಲೋಕೇಶ್ ಒಂದು ಚೀಲದ ಬಾಯಿ ಕಟ್ಟಹೋದಾಗ ಅವನ ಕೈ ಹಿಡಿದುಕೊಂಡ.

"ಒಸಿ ತಡಿಯಪ್ಪ. ಕಟ್ಟೋಕ್ ಮುಂಚೆ ಒಂದು ವಿಸ್ಯ ಕೇಳ್ಬುಡಿ...

"ಆಗ್ಲೂ ಇದೇ ರೂಲು. ಹತ್ತು ವರ್ಸ ಆದ ಫೈಲ್ಗಳ ಪಟ್ಟಿ ಬರ್ದು, ನಾನು ಸೈನ್ ಹಾಕಿ ಚೀಲಕ್ಕೆ ತುಂಬೋದು. ಏಳು ವರ್ಸದ ಹಿಂದೆ, ಮಟಮಟ ಮಧ್ಯಾಹ್ನ, ಈ ಕಿಟಕಿ ತಾವ ಒಬ್ಳು ಹೆಂಗ್ಸು ಬಂದ್ಲು. ಇಪ್ಪತ್ತೆರಡು ಇರ್ಬೋದು, ಆಸ್ಪತ್ರೆ ಗೌನು, ಬರಿಗಾಲು. 'ಅಣ್ಣಾ, ಕೈಲಾಂಚದ ರಾಧಾಮಣಿ ಫೈಲು... ಅದ್ನ ಮಡಗಿರಿ. ಮಗೀಗೆ ಬೇಕಾಯ್ತದೆ' ಅಂದ್ಲು. ವಾರ್ಡಿಂದ ಎದ್ದು ಬಂದವ್ಳೆ ಅನ್ಕೊಂಡು ಹುಡುಕ್ದೆ. ಚೀಲದಾಗೇ ಇತ್ತು. ರಟ್ಟಿನ ಮ್ಯಾಲೆ ಏನ್ ಬರ್ದಿತ್ತು ಗೊತ್ತಾ? ರಾಧಾಮಣಿ, ಚೊಚ್ಚಲ ಹೆರಿಗೆ, ಹೆಣ್ಣು ಮಗು... ತಾಯಿ ಮರಣ. ತಲೆ ಎತ್ತಿ ನೋಡ್ತೀನಿ, ಕಿಟಕಿ ತಾವ ಯಾರೂ ಇಲ್ಲ.

"ಫೈಲ್ನ ಬೀರು ಹಿಂದೆ ಬಚ್ಚಿಟ್ಟೆ. ಬಿಚ್ಚಿ ಓದೋ ಧೈರ್ಯ ಬರ್ಲಿಲ್ಲ. ನಾಕು ದಿನ ಊಟ ಸೇರ್ಲಿಲ್ಲ. ಐದ್ನೇ ದಿನ ಮ್ಯಾನೇಜ್ರು ಪಟ್ಟಿ ಹಿಡ್ಕೊಂಡು ಬಂದು, 'ಒಂದು ಕಮ್ಮಿ ಐತಲ್ಲ ವೆಂಕಟಯ್ಯ, ಎಲ್ಲಿ?' ಅಂದ್ರು. ಏನಂತ ಹೇಳ್ಲಿ? ಸತ್ತೋಳು ಬಂದು ಕೇಳವ್ಳೆ ಅನ್ಲಾ? ಕೆಲಸ ಹೋದ್ರೆ ಮನೆ ಹೆಂಗೆ ಅಂತ ನಾನೇ... ಈ ಕೈಯಾರೆ ತಂದು ಕೊಟ್ಬುಟ್ಟೆ. ಮೆಷಿನ್ನಿಗೆ ಹಾಕುವಾಗ ಕಿಟಕಿ ಕಡೆ ತಿರುಗಿ ನೋಡ್ಲಿಲ್ಲ. ಆಮ್ಯಾಕೆ ಆರು ವರ್ಸ ಅವಳ ಸುಳಿವಿಲ್ಲ.

"ಹೋದ ವರ್ಸ, ನಾನು ರಿಟೈರಾಗೋ ತಿಂಗ್ಳು... ಹದಿನಾರರ ಹುಡುಗಿ, ಹೊಟ್ಟೆನೋವು ಅಂತ ಇಲ್ಲಿ ಸೇರಿದ್ಲು. ಕಿಟಕಿ ತಾವ ಬಂದು, 'ತಾತ, ನಮ್ಮವ್ವ ಇಲ್ಲೇ ತೀರ್ಕೊಂಡಿದ್ದಂತೆ, ಅಜ್ಜಿ ಹೇಳ್ತು. ಅಪ್ಪ ಬಾಯೇ ಬಿಡಕಿಲ್ಲ. ರಾಧಾಮಣಿ ಅಂತ... ಫೈಲ್ ಐತಾ?' ಅಂದ್ಲು. 'ಇಲ್ಲ ಕಣವ್ವ, ಹೋಯ್ತು' ಅಂದೆ.

"ಆಪ್ರೇಸನ್ಗೆ ಮುಂಚೆ ಡಾಕ್ಟ್ರು, ಮನೇಲಿ ಯಾರ್ಗಾದ್ರೂ ರಕ್ತ ನಿಲ್ದಿರೋ ಕಾಯ್ಲೆ ಐತಾ ಅಂತ ಕೇಳವ್ರೆ. ಅವ್ರಪ್ಪ ಎರಡ್ನೇ ಹೆಂಡ್ತೀನೇ ತಾಯಿ ಅಂತ ತೋರ್ಸಿ, ಯಾರ್ಗೂ ಇಲ್ಲ ಅಂದ್ಬುಟ್ಟ. ಹುಡುಗೀಗೆ ರಕ್ತ ನಿಲ್ಲಲೇ ಇಲ್ಲ... ಹೋಗ್ಬುಡ್ತು. ಸುದ್ದಿ ಕೇಳಿ, ರಾಧಾಮಣಿ ಹೆರಿಗೆ ಮಾಡ್ಸಿದ್ದ ಹಳೇ ಡಾಕ್ಟ್ರು ಓಡ್ಬಂದು, 'ತಾಯಿಗೆ ಇದೇ ಕಾಯ್ಲೆ, ಮಗೀಗೂ ಬರ್ಬೋದು ಅಂತ ಕೆಂಪಿಂಕಿನಾಗೆ ಬರ್ದಿದ್ನಲ್ಲಯ್ಯ ಆ ಫೈಲ್ನಾಗೆ' ಅಂತ ನನ್ನ ಮುಂದೆ ಕೂತು ಅತ್ಬುಟ್ರು. ನಾನು ಏನ್ ಹೇಳ್ಲಿ ಮಕ್ಳಾ?"

ಲೋಕೇಶ್ ಹಗ್ಗವನ್ನು ನೆಲಕ್ಕಿಟ್ಟ. ಹೊರಗೆ ಮಳೆ ಸುರಿಯುತ್ತಲೇ ಇತ್ತು.

"ಅವಳು ಈಗ್ಲೂ ಬರ್ತಾಳಾ ತಾತ?" ನಿಖಾತ್ ಮೆಲ್ಲಗೆ ಕೇಳಿದಳು.

ವೆಂಕಟಯ್ಯ ಅವಳ ಮುಖವನ್ನೇ ನೋಡಿದ.

"ಮಧ್ಯಾಹ್ನ ಕಿಟಕಿ ತಾವ ಒಂದು ಹುಡುಗಿ ಬಂತಲ್ಲವ್ವ, ನೀನು ಕಂಪ್ಯೂಟರ್ ನೋಡ್ಕೊಂಡೇ 'ನಾಳೆ ಬಾ' ಅಂದೆ... ಅವಳ ಹಿಂದೆ ಅವ್ರವ್ವ ನಿಂತಿದ್ಲು, ಅದೇ ಗೌನು, ಬರಿಗಾಲು. ನೀನು ತಲೆ ಎತ್ತಲಿಲ್ಲ. ನಾಳೆ ಇಬ್ರೂ ಬತ್ತಾರೆ... ಏನಂತ ಹೇಳ್ತೀಯ?"